ಒಂದೇ ಕುರ್ಚಿಯಲ್ಲಿ ಇಬ್ಬರು

ಮಗ ಕೊನೆಯ ಡ್ರಾಯರನ್ನೂ ಸ್ಟುಡಿಯೊದ ನೆಲಕ್ಕೆ ಸುರಿದ. ಊರಿನ ಮದುಮಕ್ಕಳು, ಹಲ್ಲು ಬಾರದ ಕೂಸುಗಳು, ಸಿಡುಕು ಮೋರೆಯ ಮೇಷ್ಟರುಗಳು, ಎಲ್ಲರೂ ಬಿದ್ದರು. ಅಪ್ಪ ಮಾತ್ರ ಇರಲಿಲ್ಲ. ಅಪ್ಪ ಅಲ್ಲೇ, ಕ್ಯಾಮೆರಾದ ಪಕ್ಕ, ಬಿಳಿ ಬಟ್ಟೆ ಹೊದ್ದು ಮಲಗಿದ್ದ.

"ಊರಿಗೆಲ್ಲ ಫೋಟೊ ತೆಗೆದೋರದ್ದು ಒಂದೂ ಇಲ್ವಲ್ಲಮ್ಮ. ತಲೆ ಹತ್ರ ಇಡೋಕೆ ಒಂದು ಮುಖ ಬೇಡ್ವಾ?"

"ಎಲ್ಲಿ ಕೂರ್ತಿದ್ದ ಪುಣ್ಯಾತ್ಮ!" ಎಂದ ಪಕ್ಕದ ಅಂಗಡಿಯ ದರ್ಜಿ. "ಯಾವಾಗ್ಲೂ ಕರಿಬಟ್ಟೆ ಒಳಗೇ ತಲೆ. ನಾನವನನ್ನ ಬೆನ್ನಿಂದಲೇ ಗುರುತು ಹಿಡೀತಿದ್ದೆ."

ಯಾರೋ ನಕ್ಕು, ನಗು ನುಂಗಿಕೊಂಡರು.

ತಾಯಿ ಎದ್ದು, ಪೆಟ್ಟಿಗೆಯಲ್ಲಿದ್ದ ತನ್ನ ಬಟ್ಟೆಗಳ ತಳದಿಂದ ರಟ್ಟಿಗೆ ಅಂಟಿಸಿದ ಒಂದು ಫೋಟೊ ತಂದಳು. "ಇದಿದೆ."

ಮಗ ಬೆಚ್ಚಿದ. "ಅಮ್ಮಾ, ಇದ್ರಲ್ಲಿ ನೀನೂ ಇದ್ದೀಯ!"

*

ಅಪ್ಪ ಅಮ್ಮ ಮದುವೆಯಾದ ಹೊಸತು. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಸ್ಟುಡಿಯೊ ಕ್ಯಾಮೆರಾಗಳು ಮೂರ್ಮೂರು ಕಾಲೂರಿ ನಿಂತಿದ್ದವು. ಒಂದರ ಹಿತ್ತಾಳೆ ಥಳಥಳ. ಇನ್ನೊಂದರ ತಿದಿಗೆ, ಮಡಿಕೆ ಮಡಿಕೆಯ ಆ ಚರ್ಮದ ಗೂಡಿಗೆ, ತೇಪೆ. ಒಳಗೆ ಟಾರ್ಚ್ ಹಿಡಿದು, ತೂತಿನಿಂದ ಬೆಳಕು ಇಣುಕೀತೇ ಎಂದು ಅವನು ನೋಡಿದ. ಇಣುಕಲಿಲ್ಲ.

ಥಳಥಳದ್ದು ಅವಳ ಚಿತ್ರವನ್ನು ಚೊಕ್ಕವಾಗಿ ಬಿಡಿಸಿಕೊಟ್ಟಿತು. ತೇಪೆಯದರಲ್ಲೂ ಅವಳನ್ನು ಕರಿ ಪರದೆಯ ಮುಂದೆ ಕೂರಿಸಿ ತೆಗೆದು, "ಈಗ ನೀನು ನನ್ನದು ತೆಗಿ. ಗಾಜಿನ ಪ್ಲೇಟಿನ ಚೌಕಟ್ಟು ತಿರುಗಿಸಿ ಹಾಕು, ಆ ಮಗ್ಗುಲಲ್ಲಿ ಹೊಸ ಪ್ಲೇಟಿದೆ" ಎಂದ.

ತಾನು ಎದ್ದ ಕುರ್ಚಿಯಲ್ಲೇ ಕೂತು ಅವನು ತನ್ನನ್ನೇ ನೋಡತೊಡಗಿದಾಗ ಅವಳಿಗೆ ಚೌಕಟ್ಟೂ ಮರೆತುಹೋಯಿತು, ಪ್ಲೇಟೂ ಮರೆತುಹೋಯಿತು. ತನ್ನ ಚಿತ್ರವಿದ್ದ ಪ್ಲೇಟಿನ ಮೇಲೇ ಅವನನ್ನೂ ತೆಗೆದುಬಿಟ್ಟಳು.

ತೊಳೆದು ಅಚ್ಚು ಹಾಕಿದರೆ ಒಂದೇ ಕುರ್ಚಿ, ಒಂದೇ ಮಡಿಲು. ಅವನ ಕೆನ್ನೆಯೊಳಗಿಂದ ಅವಳ ಕಣ್ಣು.

ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. "ಹೊಳೆಯೋದನ್ನೇ ತಗೊಳ್ಳಿ ಸ್ವಾಮಿ."

ಅವಳು ನಾಚಿ ಹಿಡಿಯಾದಳು. ಅವನು ಮಾತ್ರ ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತ. "ಈ ತೇಪೆಯದನ್ನೇ ಕಟ್ಟಿಕೊಡಿ. ಒಂದೇ ಕುರ್ಚೀಲಿ ಇಬ್ರಿಗೂ ಜಾಗ ಮಾಡಿಕೊಟ್ಟಿದೆ. ಪಾಪ, ಇನ್ನೇನು ಮಾಡ್ಬೇಕು?"

ಆಮೇಲೆ ಯಾರು ಯಾವಾಗ ಫೋಟೊಗೆ ಕೂರು ಎಂದರೂ ಅವನದು ಒಂದೇ ಮಾತು: "ನಂದು ಇದೆಯಲ್ಲ."

*

"ಬದುಕಿರೋಳ ಮುಖ ಅಲ್ಲಿ ಹೇಗಮ್ಮ ಇಡೋದು?" ಎಂದ ಮಗ. "ನಿನ್ನನ್ನ ಬಿಟ್ಟು ಅಪ್ಪನಷ್ಟೇ ಕತ್ತರಿಸಿದ್ರೆ..."

ದರ್ಜಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದ. "ನನ್ನ ಕತ್ತರಿಗೂ ಆಗಲ್ಲ ಬಿಡಪ್ಪ. ಹೊಲಿಗೇನೇ ಕಾಣ್ತಿಲ್ಲ."

"ಒಂದು ಗಳಿಗೆ ನಾನೂ ಅಲ್ಲಿದ್ರೆ ನಂಗೇನೂ ಆಗಲ್ಲ ಕಣೋ. ಇಡು."

ಮಗನ ಕೈ ಏಳಲಿಲ್ಲ. ಅವಳೇ ಗಿರಾಕಿಗಳು ಕೂರುವ ಕುರ್ಚಿಯನ್ನು ಗಂಡನ ತಲೆಯ ಬಳಿಗೆ ಎಳೆದು, ಚಿತ್ರವನ್ನು ಒರಗಿಸಿ ಇಟ್ಟಳು.

ಅಪ್ಪನನ್ನು ಎತ್ತಿಕೊಂಡು ಎಲ್ಲರೂ ಬಾಗಿಲು ದಾಟಿದರು. ಹಿಂದುಳಿದ ಅವಳು ತೇಪೆಯ ಕ್ಯಾಮೆರಾದ ಬಳಿ ನಿಂತಳು. ಅದರ ಬೆನ್ನಿಂದ ಪ್ಲೇಟಿನ ಚೌಕಟ್ಟನ್ನು ಹೊರಗೆಳೆದು, ಅಂದು ಮರೆತಿದ್ದ ಮಗ್ಗುಲಿಗೆ ತಿರುಗಿಸಿ, ಮತ್ತೆ ಒಳಗೆ ತಳ್ಳಿದಳು.