ಹುಲಿಗೆವ್ವನ ಮರಿಗಳು

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಮ್ಮ ಹಿರಿಯರು ಹೇಳಿ ಕೈ ತೊಳೆದುಕೊಂಡರು. ಆ ಮುದ್ದು ಮಿದುಳಿನ ಯಾವ ಮೂಲೆಯಲ್ಲಿ ಕೂತಿದೆ, ಆ ಮೂಲೆಯನ್ನಷ್ಟೇ ಕೊಂದರೆ ತಾಯಿ ಏನಾಗುತ್ತಾಳೆ ಎಂದು ನೋಡಲು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹದಿನಾರು ಬಸುರಿ ಇಲಿಗಳನ್ನು ಇಟ್ಟಿದ್ದರು. ಪ್ರಯೋಗ ಅಲ್ಲಿನ ಸಂಶೋಧಕಿ ಶೀತಲಳದು. ಇಲಿಗಳಿಗೆ ಕಾಳು, ನೀರು ಹಾಕಿ ಪಂಜರ ತೊಳೆಯುವ ಕೆಲಸ ಕಲ್ಲವ್ವನದು.

ಕಲ್ಲವ್ವ ಅಥಣಿ ಕಡೆಯ ಕುರಿ ಸಾಕುವ ಮನೆಯವಳು. ಗಂಡ ತೀರಿಕೊಂಡ ಮೇಲೆ ಪುಣೆಯ ಅಂಚಿನ ವಾಕಡದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಹನ್ನೊಂದು ವರ್ಷದಿಂದ ಮೊದಲ ಬಸ್ಸಿಗೆ ಬಂದು ಏಳಕ್ಕೆ ಇಲಿಮನೆಯ ಬಾಗಿಲು ತೆಗೆಯುತ್ತಿದ್ದಳು. ಪಂಜರದ ಮೇಲಿನ ಅಂಕಿಗಳು ಅವಳ ತಲೆಗೆ ಹತ್ತುತ್ತಿರಲಿಲ್ಲ. ಊರ ಹೆಂಗಸರ ಹೆಸರನ್ನೇ ಇಲಿಗಳಿಗೆ ಇಟ್ಟುಬಿಟ್ಟಿದ್ದಳು: ಇವಳು ಮರೆಮ್ಮ, ಅವಳು ಸಾವಂತ್ರವ್ವ, ಮೂಲೆಯವಳು ಹುಲಿಗೆವ್ವ. ಬೇರೆಯವರನ್ನು ಕಚ್ಚುವ ಇಲಿಗಳು ಅವಳ ಅಂಗೈಯಲ್ಲಿ ಸುಮ್ಮನೆ ಮಲಗುತ್ತಿದ್ದವು. ಹಾಗಾಗಿ ಸೂಜಿ ಚುಚ್ಚುವ ದಿನ ಹಿಡಿದುಕೊಡುವವಳೂ ಅವಳೇ.

ಶೀತಲಳ ಅಜ್ಜ ವಿಜಯಪುರದಿಂದ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದವರು. ಹೊರಗೆಲ್ಲ ಮರಾಠಿ ಆಡುವ ಹುಡುಗಿ ಕಲ್ಲವ್ವನನ್ನು ಮರಾಠಿಯವರಂತೆ ಮಾವಶಿ, ಚಿಕ್ಕಮ್ಮ, ಎಂದು ಕರೆದರೂ ಅವಳ ಜೊತೆ ಮಾತ್ರ ಮನೆಮಾತಿಗೆ ಇಳಿಯುತ್ತಿದ್ದಳು.

"ಇದು ಪೇಢೆ ಒಳಗ ವಿಷ ಇಟ್ಟಂಗ ನೋಡ್ರಿ ಮಾವಶಿ. ಬರೇ ವಿಷ ಇದ್ರ ನರದ ಕಣ ಒಳಗ ಬಿಟ್ಟುಕೊಳ್ಳೂದಿಲ್ಲ. ತಾಯಿ ಆದಾಕಿ ಮೈಯಾಗ ಆಕ್ಸಿಟೋಸಿನ್ ಅಂತ ಒಂದು ರಸ ಹುಟ್ಟತದ. ಅದಕ್ಕ ವಿಷ ಅಂಟಿಸೇವಿ. ಆ ರಸದ ಆಸೆ ಇರೋ ಕಣ ಅಷ್ಟ ಬಾಯಿ ತಗೀತಾವ, ಅವಷ್ಟ ಸಾಯ್ತಾವ."

"ಮರಿ ಮ್ಯಾಗಿನ ಮಾಯಾ ಮಮತಿ ಹೋಗತದೇನ್ರಿ ಮೇಡಂ?"

"ಅದನ್ನ ನೋಡಬೇಕಾಗೇದ."

ಎಂಟು ತಾಯಂದಿರಿಗೆ ಪೇಢೆಯ ವಿಷ, ಎಂಟಕ್ಕೆ ಬರೀ ವಿಷ. ಯಾರಿಗೆ ಯಾವುದೆಂಬ ಚೀಟಿ ವಿಭಾಗದ ಮುಖ್ಯಸ್ಥರಾದ ದೊಡ್ಡ ಸರ್ ಅವರ ಕಪಾಟಿನಲ್ಲಿತ್ತು. ಅದು ಶೀತಲಳಿಗೂ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಮರಿ ಹುಟ್ಟಿದ ಮೇಲೆ ದಿನವೂ ಹತ್ತಕ್ಕೆ ಬಂದು, ಗೂಡಿನಲ್ಲಿ ಎಷ್ಟು ಮರಿ ಇವೆ, ತೂಕ ಎಷ್ಟು ಎಂದು ಬರೆದುಕೊಳ್ಳುವುದು ಅವಳ ಕೆಲಸ.

ಕಲ್ಲವ್ವನಿಗೆ ಚೀಟಿ ಬೇಕಾಗಲಿಲ್ಲ. ಹೆತ್ತ ಎರಡನೆಯ ಬೆಳಿಗ್ಗೆ ಹುಲಿಗೆವ್ವನ ಎಂಟು ಮರಿಗಳು ಪಂಜರದ ತುಂಬ ಚೆಲ್ಲಿ ಬಿದ್ದಿದ್ದವು. ಬೆರಳ ತುದಿಯಷ್ಟಿನ, ಕೂದಲಿಲ್ಲದ ಕೆಂಪು ಜೀವಗಳು, ಮುಟ್ಟಿದರೆ ತಣ್ಣಗೆ. ಒಂದು ಬಾಯಿ ತೆರೆದು ಅಳುತ್ತಿತ್ತು. ಇಲಿಮರಿಯ ಅಳು ಮನುಷ್ಯರ ಕಿವಿಗೆ ಬೀಳುವುದಿಲ್ಲ, ತಾಯಿಗೆ ಮಾತ್ರ ಕೇಳುತ್ತದೆ. ತಾಯಿ ಮೂಲೆಯಲ್ಲಿ ಕೂತು ಕಾಳು ಕಡಿಯುತ್ತಿದ್ದಳು.

"ಏ ಹುಲಿಗೆವ್ವ, ನಿನ್ನ ಹೊಟ್ಟಿಗಿ ಬೆಂಕಿ ಹಚ್ಚಲಿ!" ಎಂದಳು ಕಲ್ಲವ್ವ. ಬೈದು ಮುಗಿಸುವುದರೊಳಗೆ, ಸೂಜಿಯ ದಿನ ಅವಳನ್ನು ಹಿಡಿದುಕೊಟ್ಟದ್ದು ತಾನೇ ಎಂದು ನೆನಪಾಯಿತು.

ತಾಯಿ ಸತ್ತ ಕುರಿಮರಿಯನ್ನು ಇನ್ನೊಂದು ಕುರಿಗೆ ಹಚ್ಚುವುದು ಅವಳಿಗೆ ಲಂಗ ಉಡುವ ವಯಸ್ಸಿನಲ್ಲೇ ಬಂದ ವಿದ್ಯೆ. ಸಾಕುವವಳ ವಾಸನೆಯನ್ನು ಮರಿಯ ಮೈಗೆ ಸವರಿದರಾಯಿತು. ಹುಲಿಗೆವ್ವನ ಸೋತ ಮರಿಗಳನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಸಾವಂತ್ರವ್ವನ ಪಂಜರದ ಹೊಟ್ಟು ತಿಕ್ಕಿ, ಅವಳ ಮೊಲೆಗೆ ಬಿಟ್ಟಳು. ಅಲ್ಲಿಂದ ಹಾಲುಂಡ ಅಷ್ಟೇ ಮರಿಗಳನ್ನು ತಂದು ಹುಲಿಗೆವ್ವನ ಗೂಡಿನಲ್ಲಿಟ್ಟಳು. ಹೀಗೆ ಎಂಟೂ ಕೆಟ್ಟ ತಾಯಂದಿರ ಮರಿಗಳನ್ನು ಎಂಟು ಒಳ್ಳೆಯವರ ಜೊತೆ ದಿನಾ ಬೆಳಿಗ್ಗೆ, ದಿನಾ ಸಂಜೆ ಅದಲುಬದಲು ಮಾಡಿದಳು. ಹದಿಮೂರು ದಿನ ಒಂದು ಮರಿಯೂ ಸಾಯಲಿಲ್ಲ. ಅವಳಿಗೆ ಹೆಮ್ಮೆಯಾಗಿತ್ತು. ಯಾಕಾಗಬಾರದು?

ಶೀತಲಳ ಲೆಕ್ಕದ ತಖ್ತೆಯಲ್ಲಿ ಮಾತ್ರ ಹದಿನಾರೂ ಪಂಜರ ಒಂದೇ ಸಮ. ಎಲ್ಲ ಮರಿಗಳೂ ಗೂಡಿನಲ್ಲಿ, ಎಲ್ಲವೂ ದುಂಡಗೆ. ದೊಡ್ಡ ಸರ್ ಎಲ್ಲರೆದುರು ನಕ್ಕು, "ವಿಷ ಹಾಕಿದ್ದೋ, ಟಾನಿಕ್ಕೋ?" ಎಂದು ಮರಾಠಿಯಲ್ಲಿ ಕೇಳಿದರು. ಶೀತಲ್ ಅಳಲಿಲ್ಲ. ಪಂಜರಗಳ ಮೇಲೊಂದು ಕ್ಯಾಮೆರಾ ಕಟ್ಟಿದಳು. ಮರುದಿನ ಅದರಲ್ಲಿ ಹಚ್ಚೆ ಹಾಕಿದ ಕೈಯೊಂದು ಕಂಡಿತು.

"ಇದು ಯಾರ ಕೈ, ಮಾವಶಿ?"

"ನಂದ ರೀ. ತಣ್ಣಗ ಬಿದ್ದಿದ್ವು ಮೇಡಂ, ನೋಡಲಾರದ..."

"ಕಡೀಕ ಮಿದುಳು ನೋಡಾಕ ಈ ಹದಿನಾರು ತಾಯಿ ಸತ್ತಿದ್ರ ಪ್ರಯೋಗ ಮುಗೀತಿತ್ತು. ಈಗ ಇವು ಯಾವ ಕೆಲಸಕ್ಕೂ ಬರೂದಿಲ್ಲ, ಮರಿ ಸಮೇತ ಇವತ್ತ ತಗೀಬೇಕು. ಮತ್ತ ಹೊಸಾ ಹದಿನಾರು ತರಸಬೇಕು. ಮೂವತ್ತೆರಡು ಆತು. ಆ ಹೆಚ್ಚಿನ ಹದಿನಾರು ನಿಮ್ಮ ಮಾಯಾದ ಪಾಲು."

ಕಲ್ಲವ್ವ ಸೆರಗಿನಲ್ಲಿ ಕೈ ಸುತ್ತಿಕೊಂಡು, "ನನ್ನ ಕೆಲಸದಿಂದ ತಗದುಬಿಡ್ರಿ" ಎಂದಳು. ಅವಳು ಬೇಡಿದ್ದು ಅದೊಂದನ್ನೇ.

"ತಗದು ಏನ ಮಾಡ್ಲಿ? ಹೊಸಾ ಕೈ ಬಂದ್ರ ಇಲಿ ಹೆದರತಾವ, ಹೆದರಿದ ತಾಯಿ ಹಂಗೂ ಮರಿ ಬಿಡತಾಳ. ನಿಮ್ಮ ಕೈನ ಬೇಕು."

ಆ ಮಧ್ಯಾಹ್ನ ಪಂಜರಕ್ಕೆ ಎಂಟರಂತೆ ನೂರ ಇಪ್ಪತ್ತೆಂಟು ಮರಿಗಳನ್ನು, ಆಮೇಲೆ ತಾಯಂದಿರನ್ನು, ಕಲ್ಲವ್ವನೇ ಕೊಲ್ಲುವ ಗ್ಯಾಸಿನ ಪೆಟ್ಟಿಗೆಗೆ ಹೊತ್ತಳು. ಅವಳ ಕೈಬಿಸಿಗೆ ಒಗ್ಗಿದ್ದ ಮರಿಗಳು ದಾರಿಯಲ್ಲೇ ನಿದ್ದೆ ಹೋದವು. ಹುಲಿಗೆವ್ವ ಕೊನೆಯವಳು. ಅವಳೂ ಅಂಗೈಯಲ್ಲಿ ಸುಮ್ಮನೆ ಮಲಗಿದಳು.

ಹೊಸ ಹದಿನಾರು ಬಂದವು. ಕಲ್ಲವ್ವ ಇವಕ್ಕೆ ಹೆಸರಿಡಲಿಲ್ಲ. ಹಿಡಿದುಕೊಟ್ಟಳು, ಸೂಜಿ ಆಯಿತು, ಹೆತ್ತವು. ಇಲಿಮನೆಯ ಬೀಗ ಈಗ ಶೀತಲ್ ಬಂದ ಮೇಲೆಯೇ ತೆರೆಯುತ್ತಿತ್ತು. ಅದೂ ಸಾಲದೆಂದು ಹೊಸದೊಂದು ಪರೀಕ್ಷೆ: ಮರಿಗಳನ್ನು ಗೂಡಿನಿಂದ ತೆಗೆದು ಮೂಲೆಮೂಲೆಗೆ ಇಡುವುದು, ಹದಿನೈದು ನಿಮಿಷದಲ್ಲಿ ತಾಯಿ ಎಷ್ಟನ್ನು ಕಚ್ಚಿ ತರುತ್ತಾಳೆಂದು ನೋಡುವುದು. ಸ್ಟಾಪ್‌ವಾಚನ್ನು ಶೀತಲ್ ಕಲ್ಲವ್ವನ ಕೈಗೇ ಕೊಟ್ಟಳು.

"ಎರಡೂ ಕೈಯಿಂದ ಹಿಡೀರಿ. ಕೈ ಖಾಲಿ ಇದ್ರ ನಿಮಗ ಸುಮ್ಮನಿರಾಕ ಆಗೂದಿಲ್ಲ."

ಗೂಡಿನಿಂದ ಒಂದು ಗೇಣು ದೂರದಲ್ಲಿ ಮರಿಯೊಂದು ಬಾಯಿ ತೆರೆದು, ಮುಚ್ಚಿ, ತೆರೆಯಿತು. ಒಂದು ಬೆರಳಿನಿಂದ ನೂಕಿದರೆ ಸಾಕಿತ್ತು. ಕಲ್ಲವ್ವನಿಗೆ ಇನ್ನೂ ಹದಿನಾರು ತಾಯಂದಿರು ಕಂಡರು, ಅವರ ಮೇಲೆ ಇನ್ನೂ ಹದಿನಾರು. ಬೆರಳು ಎತ್ತಲಿಲ್ಲ. ಮರಿ ಆರನೆಯ ನಿಮಿಷಕ್ಕೆ ಬಾಯಿ ತೆರೆಯುವುದನ್ನು ನಿಲ್ಲಿಸಿತು.

"ಹದಿನೈದು ಆತ್ರಿ" ಎಂದಳು. "ಒಂದೂ ತರಲಿಲ್ಲ. ಬರಕೋರಿ."

ಕಪಾಟಿನ ಚೀಟಿ ತೆಗೆದ ದಿನ, ಮರಿ ತರದವರು ಎಂಟಕ್ಕೆ ಎಂಟೂ ಪೇಢೆಯ ವಿಷದವರೇ ಎಂದು ತಾಳೆಯಾಯಿತು. ದೊಡ್ಡ ಸರ್ ಶೀತಲಳ ಬೆನ್ನು ತಟ್ಟಿದರು. ಅವಳು ಸದಾಶಿವ ಪೇಠೆಯಿಂದ ಪೇಢೆ ತರಿಸಿ, ಎಲ್ಲರಿಗೂ ಹಂಚಿ, ಕೊನೆಗೆ ಡಬ್ಬಿ ಹಿಡಿದು ಇಲಿಮನೆಗೂ ಬಂದಳು.

"ತಗೋರಿ ಮಾವಶಿ. ನಿಮ್ಮ ಕೈ ಇಲ್ಲಂದ್ರ ಇದು ಆಗತಿದ್ದಿಲ್ಲ." ಚುಚ್ಚಲು ಹೇಳಿದ ಮಾತಲ್ಲ, ಮನಸಾರೆ ಹೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಕಲ್ಲವ್ವ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಾಯಿ ತೆರೆದಳು. ಪೇಢೆ ಚೆನ್ನಾಗಿಯೇ ಇತ್ತು, ಸಿಹಿ ಹದವಾಗಿತ್ತು.

"ಮುಂದ ಯಾವ ಪಂಜರ ತೊಳೀಲಿ ಮೇಡಂ," ಎಂದು ಕೇಳಿದಳು, "ಒಂಬತ್ತನೇದೋ, ಹತ್ತನೇದೋ?"