ಸುಮ್ಮನೆ ಹೊರಟವರು

ವಿರುಪಾಕ್ಷಪ್ಪನವರ ಬಳಿ ಮೋಟಾರ್ ಸೈಕಲ್ ಇತ್ತು. ಆದರೆ ಅದನ್ನೇರಿ ಅವರು ಯಾವ ಕೆಲಸಕ್ಕೂ ಹೋದವರಲ್ಲ. ಕಚೇರಿಗೆ ಲೋಕಲ್ ರೈಲು, ಸಂತೆಗೆ ನಡಿಗೆ, ನೆಂಟರ ಮನೆಗೆ ರಿಕ್ಷಾ. ಡೊಂಬಿವಲಿಯ ವಸತಿ ಸೊಸೈಟಿಯ ತಗಡಿನ ನೆರಳಿನಲ್ಲಿ ನಿಂತಿರುತ್ತಿದ್ದ ಆ ಕಪ್ಪು ಬುಲೆಟ್ಟಿನ ಮೇಲೆ ಒಂದು ಕಟ್ಟು ಮೆಂತ್ಯ ಸೊಪ್ಪು ಕೂಡ ಪ್ರಯಾಣ ಮಾಡಿದ್ದನ್ನು ನಾನು ಕಂಡಿಲ್ಲ. ಅವರ ಹೆಂಡತಿ ನೀಲಗಂಗಾ ಅವರು ಒಮ್ಮೆ ನನ್ನೆದುರೇ ಹೇಳಿದ್ದರು: "ಒಂದು ಚೀಲ ಜ್ವಾಳ ತರ್ರಿ ಅಂದ್ರ ಗಾಡಿಗೆ ಬ್ಯಾಸರ ಆಗ್ತದಂತ. ನನಗ ಆಗೂದಿಲ್ಲೇನು?"

ಆ ಗಾಡಿ ಹೊರಡುತ್ತಿದ್ದುದು ಭಾನುವಾರ ಬೆಳಿಗ್ಗೆ ಮಾತ್ರ. ಬೆವರಿನ ಈ ಊರಿನಲ್ಲಿ, ವಿಜಯಪುರದ ಚಳಿಗೆಂದು ಹೆಣೆದ ಕಂದು ಸ್ವೆಟರೊಂದನ್ನು ಮೇ ತಿಂಗಳಲ್ಲೂ ಧರಿಸಿ, ಟ್ಯಾಂಕು ಇನ್ನೂ ತೊಡೆಗಳ ನಡುವೆಯೇ ಇದೆಯೇನೋ ಎಂಬಂತೆ ಕಾಲಗಲಿಸಿ ನಡೆಯುತ್ತ ಬಂದು, ಸೀಟನ್ನೊಮ್ಮೆ ಸವರಿ ಹೊರಟರೆಂದರೆ ಊಟದ ಹೊತ್ತಿಗೆ ಮರಳುವರು; ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಮುಖ ಮಾತ್ರ ತೊಳೆದಿಟ್ಟಂತೆ ಇರುತ್ತಿತ್ತು. ಠಾಣೆಗೆ ಹೋಗುವ ಲೋಕಲ್ಲಿನಲ್ಲಿ ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ನೇತಾಡಿದ ನಾನು ಒಮ್ಮೆ ಕಾರಣ ಕೇಳಿದ್ದೆ. "ಕೆಲಸಕ್ಕ ಹೊಂಟ್ರ ದಾರಿ ಕಾಣಂಗಿಲ್ರೀ ಶೆಟ್ರ, ಕೆಲಸಾನ ಕಾಣತದ" ಎಂದಿದ್ದರು. ಆಮೇಲೆ, ಎಂದಿನಂತೆ, "ಅಷ್ಟರೀ."

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು, "ಗಾಡಿ ಮೇಲಿಂದ ಬಿದ್ದರೇ?" ಎಂದು. ಇಲ್ಲ, ತಮ್ಮ ಮಂಚದ ಮೇಲೆ, ಹೆಂಡತಿ ಹಣೆ ಒರೆಸುತ್ತಿದ್ದಾಗ, ಎದೆಯ ಕಾಯಿಲೆಯಿಂದ ಹೋದರು. ಅವರಿಲ್ಲದ ಡಬ್ಬಿಯಲ್ಲಿ ನಿಲ್ಲುವುದು ನನಗಿನ್ನೂ ಅಭ್ಯಾಸವಾಗಿಲ್ಲ. ಆದರೂ ಈ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಅಳುವಲ್ಲ, ಎದೆಯ ಮೇಲಿನ ಭಾರ ಇಳಿದ ಒಂದು ಭಾನುವಾರದ ನೆನಪು.

ಅವರ ಮಗಳು ಪ್ರಾಜಕ್ತಾಳಿಗೆ, ಗಾಡಿಯಲ್ಲಿ ಒಂದು ತಾಸು ದೂರದ ಕಾಮೋಠೆಯ ಹುಡುಗನೊಬ್ಬ ಒಪ್ಪಿಗೆಯಾಗಿದ್ದ. ಅವನಿಗೂ ಇವಳು ಒಪ್ಪಿಗೆಯಾಗಿದ್ದಳು. ಆ ಭಾನುವಾರ ನಿಶ್ಚಯದ ದಿನ ಗೊತ್ತುಮಾಡಲು ಹುಡುಗನ ಕಾಕಾ ಸಿದ್ಧೇಶ್ವರ ಬಂದರು; ಮನೆಯವರು ನನ್ನನ್ನೂ ಕರೆದಿದ್ದರು. ಕಾಮೋಠೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವರು. ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಕೇಳಿದರು:

"ಬೀಗರ, ತಪ್ಪು ತಿಳ್ಕೋಬ್ಯಾಡ್ರಿ. ಕಾಮೋಠೆದಾಗ ನಿಮ್ಮವರು ಯಾರದಾರ?"

"ಯಾರೂ ಇಲ್ರಿ."

"ಮತ್ತ ಆಯ್ತವಾರಕ್ಕೊಮ್ಮೆ ನನ್ನ ಅಂಗಡಿ ಮುಂದ ಹಾಯ್ತೀರಿ. ಸಂಬಂಧ ಕೂಡಾಕಿಂತ ಮೊದಲಿಂದ ನೋಡೇನಿ. ಯಾಕ ಬರ್ತೀರಿ?"

"ಸುಮ್ನ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಗಂಗಾ ಅವರ ಮುಖ ಕಪ್ಪಿಟ್ಟಿತು. ಪ್ರಾಜಕ್ತಾ ತಂದೆಯ ತೋಳು ಹಿಡಿದು, "ಪಪ್ಪಾ, ಕುಛ್ ತೋ ಬೋಲೋ ನಾ!" ಎಂದಳು. ನಾನೂ ಬಗ್ಗಿ ಪಿಸುಗುಟ್ಟಿದೆ: "ಎಂತಾದ್ರೂ ಒಂದು ಹೇಳಿ ಮಾರಾಯ್ರೇ. ಮಂಡಿನೋವಿಗೆ ಔಷಧ ತರ್ಲಿಕ್ಕೆ ಅಂತ ಹೇಳಿ."

"ಇಲ್ದಿದ್ದ ಕೆಲಸ ಎಲ್ಲಿಂದ ತರ್ಲಿ, ಶೆಟ್ರ?"

ಸಿದ್ಧೇಶ್ವರ ಎದ್ದರು. "ಈ ಕಾಲದಾಗ ಸುಮ್ನ ಯಾರೂ ಪೆಟ್ರೋಲ್ ಸುಡೂದಿಲ್ಲ, ವಿರುಪಾಕ್ಷಪ್ಪನವರ. ಹಿರಿಯಾರನ್ನ ಕೇಳಿ ತಿಳಸ್ತೇವಿ." ಬೀಗರು ಎಂಬ ಶಬ್ದ ಆಗಲೇ ಬಿದ್ದುಹೋಗಿತ್ತು. ಹಾಗೆ ಹೇಳಿ ಹೋದವರು ಮತ್ತೆ ತಿಳಿಸುವುದಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವಿರುಪಾಕ್ಷಪ್ಪನವರು ಕೋಪಿಸಿಕೊಳ್ಳಲಿಲ್ಲ, ಕೈಮುಗಿಯಲಿಲ್ಲ. ಒಳಗೆ ಹೋಗಿ ಸ್ವೆಟರ್ ತೊಟ್ಟು, ಎರಡು ಹೆಲ್ಮೆಟ್ ಹಿಡಿದು ಬಂದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಸಿದ್ಧೇಶ್ವರರ ಕೈಗೆ ಒಂದನ್ನಿತ್ತರು. "ಇವತ್ತಿನ ತಿರುಗಾಟ ಇನ್ನೂ ಆಗಿಲ್ಲ. ಹಿಂದ ಕೂಡ್ರಿ ಬರ್ರಿ."

ಅವರಿಬ್ಬರೂ ಹೋದ ಮೇಲೆ ಉಪ್ಪಿಟ್ಟು ತಣ್ಣಗಾಯಿತು. ಪ್ರಾಜಕ್ತಾ ಕಿಟಕಿ ಬಿಟ್ಟು ಕದಲಲಿಲ್ಲ. ನೀಲಗಂಗಾ ಅವರು ನನ್ನ ಹತ್ತಿರ ಬಂದು ಕೂತು, ಮಗಳಿಗೆ ಕೇಳಿಸದಂತೆ ಕೇಳಿದರು: "ಅಣ್ಣಾರ, ನಿಮಗ ಗೊತ್ತಿದ್ರ ಹೇಳಿಬಿಡ್ರಿ. ಯಾರರ ಅದಾರೇನು?"

"ಇಲ್ಲಮ್ಮ" ಎಂದೆ. ಆದರೆ ಮನುಷ್ಯ ಸುಮ್ಮನೆ ಅಷ್ಟು ದೂರ ಹೋಗುತ್ತಾನೆಂದು ಆ ಗಳಿಗೆಯಲ್ಲಿ ನಾನೂ ಪೂರ್ತಿ ನಂಬಿರಲಿಲ್ಲ.

ಮಧ್ಯಾಹ್ನ ಮರಳಿದರು. ಸಿದ್ಧೇಶ್ವರರ ಹುಬ್ಬಿನ ಮೇಲೆ ಧೂಳು, ಹೆಲ್ಮೆಟ್ ತೆಗೆದರೆ ಕೂದಲು ನೆಟ್ಟಗೆ. ವಿರುಪಾಕ್ಷಪ್ಪನವರಂತೆಯೇ ಕಾಲಗಲಿಸಿ ಮೆಟ್ಟಿಲೇರಿ ಬಂದು ಒಂದು ತಂಬಿಗೆ ನೀರು ಕುಡಿದರು. ನಾವೆಲ್ಲ ಎದ್ದು ನಿಂತಿದ್ದೆವು.

"ಶಿಳ್‌ಫಾಟಾ, ತಳೋಜಾ, ಆಮ್ಯಾಲ ನಮ್ಮ ಕಾಮೋಠೆ. ನನ್ನ ಅಂಗಡಿ ಮುಂದನ ಹಾದ್ರು. ಇಲ್ಲಿ ಯಾರ ಮನೀಗೆ ಅಂದೆ. ಮೂಲ್ಯಾಗಿನ ಟಪರಿದಾಗ ಚಾ ಕುಡಿಸಿದ್ರು, ಮತ್ತ ಹೊಂಟ್ರು. ಸಾನಪಾಡಾದಾಗ ಸಮುದ್ರದ ಖಾಡಿ ಬಾಜೂಕ ಉದ್ದಕ ರಸ್ತಾ. ಒಂದು ಮಾತಿಲ್ಲ, ಕತಿ ಇಲ್ಲ. ಮುಂಬ್ರಾದ ಗುಡ್ಡ ಕಂಡಾಗ ತಮ್ಮಷ್ಟಕ್ಕ ತಾವ ನಕ್ರು. ಏನಾತ್ರಿ ಅಂದ್ರ, ಏನಿಲ್ಲ ಅಂದ್ರು." ನಿಟ್ಟುಸಿರಿಟ್ಟು ನೀಲಗಂಗಾ ಅವರತ್ತ ತಿರುಗಿದರು: "ಬೀಗತ್ಯಾರ, ಈ ಮನಶ್ಯಾ ಖರೇನ ಎಲ್ಲಿಗೂ ಹೋಗಂಗಿಲ್ಲ!"

ನೀಲಗಂಗಾ ಅವರು ನಿಂತಲ್ಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ನಕ್ಕರು. ತಣ್ಣನೆಯ ಉಪ್ಪಿಟ್ಟನ್ನೇ ಎಳೆದುಕೊಂಡ ಸಿದ್ಧೇಶ್ವರ ನಾಲ್ಕು ತುತ್ತು ತಿಂದ ಮೇಲೆ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಆ ಖಾಡಿ ರಸ್ತಾ ಛಲೋ ಐತಿ, ಖರೆ."

ಮದುವೆ ಆಯಿತು. ವಿರುಪಾಕ್ಷಪ್ಪನವರು ಬೀಗರ ಮನೆಗೆ ಹೋಗುವಾಗಲೂ ರಿಕ್ಷಾದಲ್ಲೇ ಹೋದರು.

ಅವರು ತೀರಿಕೊಂಡ ಬಳಿಕದ ಶಿವಗಣಾರಾಧನೆ ಮುಗಿದ ಸಂಜೆ, ಬಂದವರೆಲ್ಲ ಹೋದ ಮೇಲೆ, ನೀಲಗಂಗಾ ಅವರು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. "ಗೊತ್ತಿಲ್ಲದವರು ಯಾರೂ ಬರಲಿಲ್ರೀ ಅಣ್ಣಾರ" ಎಂದರು. ಎಲ್ಲೋ ಸಂಶಯದ ಒಂದು ಎಳೆ ಅವರೊಳಗೆ ಅಷ್ಟು ದಿನವೂ ಉಳಿದಿತ್ತೆಂದು ನನಗೆ ಆಗ ತಿಳಿಯಿತು. ಅದು ಕಳಚಿ ಬಿದ್ದ ಮೇಲೆಯೇ ಅವರು ಗಂಡನಿಗಾಗಿ ಮನಸಾರೆ ಅತ್ತರು.

ದುಃಖಕ್ಕೆ ಕಾರಣ ಕೇಳಲು ನಾವು ಸಂಕೋಚಪಡುತ್ತೇವೆ. ಸಂತೋಷದ ಬಳಿ ಮಾತ್ರ ಟಿಕೆಟ್ ತಪಾಸಣೆಯವರಂತೆ ಕೈಚಾಚಿ ನಿಲ್ಲುತ್ತೇವೆ. ಸುಮ್ಮನೆ ಸುಖಪಡುವ ಜನ ಇದ್ದಾರೆ. ಅವರ ಬಳಿ ತೋರಿಸಲು ಏನೂ ಇರುವುದಿಲ್ಲ, ಮುಚ್ಚಿಡಲೂ ಏನೂ ಇರುವುದಿಲ್ಲ. ಅವರನ್ನು ನಂಬುವುದು ನಮಗೆ ಎಷ್ಟು ಕಷ್ಟವೆಂದರೆ, ಒಮ್ಮೊಮ್ಮೆ ಅವರು ಸಾಯುವವರೆಗೂ ನಾವು ಕಾಯುತ್ತೇವೆ.