ಭಾವನ ಬೋಲ್ಟು

ನಮ್ಮಪ್ಪ ಪುಟ್ಟಬಸವಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಸಿಟ್ಟು ಮಗಳಾದ ನನಗೂ ಬಳುವಳಿಯಾಗಿ ಬಂದಿರುವುದರಿಂದ ಅವರನ್ನು ಬೈಯುವ ಹಕ್ಕು ನನಗಿದೆ.

ನಮ್ಮ ತಾತ ಬದುಕಿದ್ದಾಗ ಒಂದೇ ಅಂಗಡಿಯಿಂದ ಒಂದೇ ಥರದ ಎರಡು ಕೋವಿ ತರಿಸಿದ್ದರು. ಬೆಳೆಗೆ ಬರುವ ಹಂದಿ ಬೆದರಿಸಲು ಹೆಮ್ಮಿಗೆಯ ಮಗನಿಗೊಂದು, ದೇವನೂರಿನ ಅಳಿಯನಿಗೊಂದು. ಆಯುಧಪೂಜೆ ಮಾತ್ರ ಎರಡಕ್ಕೂ ಮಗಳ ಮನೆಯಲ್ಲೇ ಆಗಬೇಕೆಂದು ಕಟ್ಟಪ್ಪಣೆ. ಆ ನೆಪದಲ್ಲಾದರೂ ತಮ್ಮನಾದವನು ವರ್ಷಕ್ಕೊಮ್ಮೆ ಅಕ್ಕನ ಹೊಸ್ತಿಲು ತುಳಿಯಲಿ ಎಂಬುದು ಮುದುಕನ ಲೆಕ್ಕಾಚಾರ.

ಕಳೆದ ಪೂಜೆಯಲ್ಲಿ ಆ ಲೆಕ್ಕಾಚಾರಕ್ಕೆ ಕಲ್ಲು ಬಿತ್ತು. ಗುಂಡಿನ ಹಿಂದೆ ಅಗುಳಿಯಂತೆ ಕೂರುವ ಬೋಲ್ಟುಗಳನ್ನು ಎರಡೂ ಕೋವಿಯಿಂದ ಬಿಚ್ಚಿ, ಒರೆಸಿ, ಬಾಳೆಲೆಯ ಮೇಲೆ ಇಟ್ಟಾಗಿತ್ತು. ಮೊದಲ ವಿಭೂತಿ ಯಾರ ಕೋವಿಗೆ ಎಂಬ ಮಾತು ಬಂತು. ತವರಿನಿಂದ ಬಂದ ತಮ್ಮ ಕೋವಿಗೆ ಎಂದರು ಅಪ್ಪ. ಮನೆ ಯಜಮಾನನದ್ದಕ್ಕೆ ಎಂದರು ಮಹದೇವಯ್ಯ ಮಾವ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಇಬ್ಬರು ಗಂಡಸರು! ಅಪ್ಪ ಕೋವಿ, ಬೋಲ್ಟು ಬಾಚಿಕೊಂಡು, ಬಡಿಸಿದ ಹೋಳಿಗೆಯನ್ನು ಮುಟ್ಟದೆ ಎದ್ದು ಬಂದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಅಪ್ಪನ ಅಕ್ಕ ಚಿಕ್ಕಬಸಮ್ಮತ್ತೆ ಮಾತ್ರ ಕದ್ದು ನನಗೆ ಫೋನ್ ಮಾಡುತ್ತಿದ್ದರು. "ನಿಮ್ಮಪ್ಪ ಸರ್ಯಾಗಿ ಉಣ್ತಾ ಅವ್ನಾ ಮಧು? ನಾ ಕೇಳ್ದೆ ಅಂತ ಏಳ್ಬ್ಯಾಡ," ಎಂದು ಇಟ್ಟುಬಿಡುತ್ತಿದ್ದರು.

ಈ ವಾರ ನಮ್ಮ ಜೋಳದ ಹೊಲಕ್ಕೆ ಹಂದಿ ನುಗ್ಗಿದವು. ಅಪ್ಪ ಅಂದಿನಿಂದ ಗೋಡೆಗೆ ನೇತಾಡುತ್ತಿದ್ದ ಕೋವಿ ಇಳಿಸಿದರು. ಗುಂಡು ತುಂಬುವ ಮೊದಲು ಬೋಲ್ಟು ಹಾಕಿ ನೋಡಿದರೆ ಅದು ಒಳಕ್ಕೆ ಹೋಯಿತು, ಆದರೆ ಅದರ ಹಿಡಿ ಕೆಳಗೆ ಮಡಚಿಕೊಳ್ಳಲಿಲ್ಲ. ಎಣ್ಣೆ ಬಿಟ್ಟರು. ಸೀಮೆಎಣ್ಣೆಯಲ್ಲಿ ತೊಳೆದರು. ಪಕ್ಕದ ಮನೆಯ ಗೋವಿಂದಯ್ಯ ಬಂದು ಸುತ್ತಿಗೆಯಲ್ಲಿ ಎರಡು ಬಿಡಿ ಎಂದು ಪುಕ್ಕಟೆ ಸಲಹೆ ಕೊಟ್ಟು ಹೋದರು.

"ತುಕ್ಕಿಡ್ದೈತೆ. ಅರ ಆಕಿ ಒಸಿ ಉಜ್ಜುದ್ರೆ ಸರೋಯ್ತದೆ," ಎಂದು ಅಪ್ಪ ಅರ ತೆಗೆದುಕೊಂಡರು.

ನಾನು ಬೋಲ್ಟನ್ನು ಕೈಯಿಂದ ಕಿತ್ತುಕೊಂಡೆ. ತುಕ್ಕಿನ ಸುಳಿವೂ ಇರಲಿಲ್ಲ. ಹಿಡಿಯ ಬುಡದಲ್ಲಿ ಕೊರೆದ ನಂಬರು ಕಂಡಿತು. ಕೋವಿಯ ನಂಬರಿನ ಕೊನೆಯ ಅಂಕಿ ಏಳು, ಬೋಲ್ಟಿನದು ಎಂಟು.

"ಅಪ್ಪಾ, ಎಂಟು ಯಾರ್ದು?" ಗೊತ್ತಿದ್ದೂ ಕೇಳಿದೆ.

ಅಪ್ಪ ಅರವನ್ನು ಕೆಳಗಿಟ್ಟರು. ಒಂದು ಕೋವಿಗೆಂದು ಕೂರಿಸಿದ ಬೋಲ್ಟು ಇನ್ನೊಂದಕ್ಕೆ ಒಗ್ಗುವುದಿಲ್ಲ, ಬಲವಂತ ಮಾಡಿ ಹೊಡೆದರೆ ಮುಖಕ್ಕೇ ಸಿಡಿಯುತ್ತದೆ ಎಂದು ನನಗೆ ಕಲಿಸಿದ್ದೇ ಅವರು.

"ಉಜ್ಜಿಬಿಡು. ನಿನ್ ಕೋವೀನೂ ಓಗ್ಲಿ, ಮಾವಂದೂ ಓಗ್ಲಿ, ಅತ್ತೆಗೆ ತವರೂ ಬ್ಯಾಡ," ಎಂದೆ.

ಅಪ್ಪ ಅರವನ್ನು ಮೂಲೆಗೆ ಸರಿಸಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಲ್ಲಿ ಬೋಲ್ಟನ್ನು ಸುತ್ತಿ, "ಸ್ಕೂಟ್ರು ತಗಿ," ಎಂದರು.

ದೇವನೂರಿನಲ್ಲಿ ಮಾವ ಜಗಲಿಯ ಮೇಲೇ ಕೂತಿದ್ದರು. ಬಾ ಎನ್ನಲಿಲ್ಲ. ಅಪ್ಪ ಟವೆಲ್ ಬಿಚ್ಚಿ ಬೋಲ್ಟನ್ನು ಅವರ ಮುಂದಿಟ್ಟು, "ಇದು ನಿಮ್ದಂತೆ," ಎಂದರು.

ಮಾವ ಎದ್ದು ಒಳಗೆ ಹೋಗಿ ಒಂದು ಪುಟ್ಟ ಗಂಟು ತಂದರು. ಅತ್ತೆಯ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ, ಎಣ್ಣೆ ಸವರಿಸಿಕೊಂಡು ನಮ್ಮ ಬೋಲ್ಟು ಮಲಗಿತ್ತು.

ಅಪ್ಪನ ಮೂಗು ಕೆಂಪಾಯಿತು. "ಗೊತ್ತಿತ್ತಾ ನಿಮ್ಗೆ? ಯಾವಾಗಿಂದ?"

"ಅವತ್ತು ನೀನು ಈ ಬೀದಿ ದಾಟೋ ಮುಂಚೆಯಿಂದ."

"ಕೂಗ್ಬಾರ್ದಾಗಿತ್ತಾ ಭಾವ? ನಿಮ್ ಕೋವೀನೂ ಸುಮ್ನೆ ಕೂತಿರ್ತದೆ! ಅಂದಿ ಬರ್ನಿಲ್ವಾ?"

"ಬಂದ್ವು. ಗೆಣಸೆಲ್ಲ ತಿಂದ್ವು." ಮಾವ ನೆಲ ನೋಡಿದರು. "ತಿನ್ಲಿ ಬುಡು. ನಿನ್ ಬೋಲ್ಟು ನಿನ್ ಮನೇಲೇ ಇದ್ದಿದ್ರೆ, ನೀನು ಈ ಜಗಲಿ ತುಳೀತಿದ್ಯೇನ್ಲಾ?"

ಅಪ್ಪ ಖಾಲಿ ಟವೆಲ್ಲನ್ನು ಮಡಚತೊಡಗಿದರು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಸೊರಗೋಗಿದ್ದೀಯಲ್ಲಾ," ಎಂದರು. ಆಮೇಲೆ ಮೆಲ್ಲಗೆ, "ನೀನು ಎಲೆ ಬುಟ್ಟು ಎದ್ದೋದ್ಮೇಲೆ ನಾ ಈ ಮನೇಲಿ ಓಳ್ಗೆ ಮಾಡಿಲ್ಲ ಕಣ್ಲಾ," ಎಂದರು.

ನಮ್ಮಪ್ಪ, ಹಂದಿಗೂ ಹೆದರದವರು, ಜಗಲಿಯ ಮೇಲೆ ಕುಸಿದು ಕೂತು ಅತ್ತರು. ಕೈಗೆ ಸಿಕ್ಕ ಟವೆಲ್ಲಿನಿಂದ ಕಣ್ಣು, ಹಣೆ ಎಲ್ಲ ಒರೆಸಿಕೊಂಡರು. ಬೋಲ್ಟಿನ ಎಣ್ಣೆಕಪ್ಪು ಹಣೆಯುದ್ದಕ್ಕೂ ಮೂರು ಪಟ್ಟೆ ಎಳೆದುಬಿಟ್ಟಿತು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ.

ಮಾವ ಅದನ್ನೇ ನೋಡುತ್ತಾ, "ಆಯ್ತು ಬುಡು ಬಸವಯ್ಯ, ಮೊದ್ಲ ವಿಭೂತಿ ನಿಂಗೇ ಆಗೋಯ್ತು," ಎಂದರು.

ಅತ್ತೆ ಸೆರಗಿನಿಂದ ತಮ್ಮನ ಹಣೆ ಒರೆಸಿ, ಒಳಗೆ ಹೋಗಿ ಹೂರಣಕ್ಕೆ ಬೇಳೆ ಬೇಯಲು ಇಟ್ಟರು.